ಮಿಕ್ಸ್ ಮಾಡಿದವರ ಹೆಸರು ನೋಡಿ: ಬಳ್ಳಾರಿಯಲ್ಲಿ 12 ಇಂಚಿನ ಸಿಂಗಲ್‌ಗಳ ಸಂಗ್ರಹ, ಸಂಕ್ರಾಂತಿವರೆಗಿನ ವರದಿ

ದೀಪಾವಳಿ ಆದಮೇಲೆ ನನ್ನ ರೆಕಾರ್ಡ್ ಕಪಾಟಿನ ಜೋಡಣೆ ಪೂರ್ತಿ ಬದಲಾಯಿತು. ಮೊದಲು ಬ್ಯಾಂಡಿನ ಹೆಸರಿನ ಪ್ರಕಾರ ಇಟ್ಟಿದ್ದೆ. ಡೆಪೆಷ್ ಮೋಡ್ ಒಂದು ಕಡೆ, ನ್ಯೂ ಆರ್ಡರ್ ಒಂದು ಕಡೆ, ಪೆಟ್ ಶಾಪ್ ಬಾಯ್ಸ್ ಇನ್ನೊಂದು ಕಡೆ. ಈಗ ಯಾರು ರೀಮಿಕ್ಸ್ ಮಾಡಿದರೋ ಅವರ ಹೆಸರಿನ ಮೇಲೆ ಇಟ್ಟಿದ್ದೇನೆ. ಇದರಿಂದ ಏನು ಕೊಳ್ಳಬೇಕು, ಏನು ಬಿಡಬೇಕು ಅನ್ನುವ ಲೆಕ್ಕವೇ ಬೇರೆಯಾಯಿತು.

ಹೊಸದಾಗಿ ಓದುವವರಿಗೆ ಸ್ವಲ್ಪ ಹಿನ್ನೆಲೆ. ನಾನು ಸೇರಿಸುವುದು 1980ರ ದಶಕದ ಸಿಂಥ್ ಪಾಪ್ ಹಾಡುಗಳ 12 ಇಂಚಿನ ಸಿಂಗಲ್‌ಗಳನ್ನು, ಅಂದರೆ ಒಂದೇ ಹಾಡಿಗಾಗಿ ಬಿಟ್ಟ 12 ಇಂಚು ಅಗಲದ ರೆಕಾರ್ಡುಗಳನ್ನು. ಗಿಟಾರ್ ಪಕ್ಕಕ್ಕಿಟ್ಟು ಸಿಂಥಸೈಜರ್, ಡ್ರಮ್ ಮಷಿನ್ ಹಿಡಿದವರ ಹಾಡುಗಳು ಇವು. ಒಂದೇ ಹಾಡು ಎರಡು ಅಳತೆಯಲ್ಲಿ ಬರುತ್ತಿತ್ತು. ರೇಡಿಯೋಗೆ, ಮನೆಗೆ 7 ಇಂಚಿನದು, ಮೂರು ನಾಲ್ಕು ನಿಮಿಷ. ಡ್ಯಾನ್ಸ್ ಕ್ಲಬ್ಬಿಗೆ 12 ಇಂಚಿನದು, ಆರು ಏಳು ನಿಮಿಷ, ಕೆಲವು ಸಲ ಇನ್ನೂ ಜಾಸ್ತಿ. ಈ ಎರಡನೆಯದರಲ್ಲಿ ಹಾಡನ್ನು ಬಿಚ್ಚಿ ಮತ್ತೆ ಕಟ್ಟಿರುತ್ತಾರೆ, ರೀಮಿಕ್ಸ್ ಅಂದರೆ ಅದೇ. ನನಗೆ ಬೇಕಾದದ್ದು ಅದು.

ಈ 12 ಇಂಚಿನ ಸಿಂಗಲ್ ಹುಟ್ಟಿದ ಕಥೆ ನನಗೆ ಬಹಳ ಇಷ್ಟ. 1970ರ ದಶಕದ ನಡುವಿನಲ್ಲಿ ನ್ಯೂಯಾರ್ಕಿನ ಟಾಮ್ ಮೌಲ್ಟನ್ ಒಂದು ಮಿಕ್ಸ್‌ನ ಮಾದರಿ ತಟ್ಟೆ ಕೆತ್ತಿಸಲು ಹೋದಾಗ 7 ಇಂಚಿನ ಖಾಲಿ ತಟ್ಟೆ ಮುಗಿದಿತ್ತು. ಇದ್ದದ್ದು 10 ಇಂಚಿನದು. ಅಷ್ಟು ದೊಡ್ಡ ತಟ್ಟೆಯಲ್ಲಿ ಹಾಡು ಒಂದು ಮೂಲೆಗೆ ಕೂತರೆ ಚೆನ್ನಾಗಿರಲ್ಲ ಅಂತ ಗೆರೆಗಳನ್ನು ದೂರ ದೂರ ಬಿಡಿಸಿ ಕೆತ್ತಿಸಿದರು. ಸದ್ದು ಜೋರಾಗಿ ಬಂತು, ಬೇಸ್ ತುಂಬಿಕೊಂಡು ಬಂತು. ಮುಂದೆ ಅದೇ 12 ಇಂಚಿಗೆ ಬೆಳೆಯಿತು. 1976ರಲ್ಲಿ ಸಾಲ್ಸೋಲ್ ಕಂಪನಿ ಡಬಲ್ ಎಕ್ಸ್‌ಪೋಶರ್ ಗುಂಪಿನ ಹಾಡೊಂದನ್ನು 12 ಇಂಚಿನ ಸಿಂಗಲ್ಲಾಗಿ ಅಂಗಡಿಗೆ ಬಿಟ್ಟಿತು. ಮಿಕ್ಸ್ ಮಾಡಿದವರು ವಾಲ್ಟರ್ ಗಿಬ್ಬನ್ಸ್, ಕ್ಲಬ್ಬಿನಲ್ಲಿ ರೆಕಾರ್ಡ್ ಹಾಕುತ್ತಿದ್ದ ಡಿಜೆ.

ಕಾರಣ ಸರಳ. ಬೇಸ್ ಸದ್ದಿಗೆ ಗೆರೆ ಅಗಲವಾಗಿ ಓಲಾಡಬೇಕು, ಅದಕ್ಕೆ ಜಾಗ ಬೇಕು. ಎಲ್ಪಿಯ, ಅಂದರೆ ಹಲವು ಹಾಡುಗಳ ರೆಕಾರ್ಡಿನ, ಒಂದು ಬದಿಯಲ್ಲಿ ಇಪ್ಪತ್ತು ನಿಮಿಷ ತುಂಬಿದರೆ ಜಾಗ ಎಲ್ಲಿಂದ ಬರಬೇಕು? ಇಲ್ಲಿ ಅಷ್ಟೇ ಜಾಗದಲ್ಲಿ ಒಂದೇ ಹಾಡು. ಜೊತೆಗೆ ಬಹಳಷ್ಟು ಸಿಂಗಲ್‌ಗಳು ನಿಮಿಷಕ್ಕೆ 45 ಸುತ್ತು ತಿರುಗುತ್ತವೆ. ಎಲ್ಪಿಯ 33⅓ಕ್ಕೆ ಹೋಲಿಸಿದರೆ ಸೂಜಿಯ ಕೆಳಗೆ ಒಂದು ಸೆಕೆಂಡಿನಲ್ಲಿ ಹಾದುಹೋಗುವ ಗೆರೆಯ ಉದ್ದ 35 ಶೇಕಡ ಜಾಸ್ತಿ. ಹಾಗಾಗಿ ಡ್ರಮ್ ಸೆಟ್ಟಿನ ಹೈಹ್ಯಾಟ್ ತಾಳದ ಸಣ್ಣ ಸದ್ದೂ ಸ್ವಚ್ಛವಾಗಿ ಬಿಡಿಸಿಕೊಳ್ಳುತ್ತದೆ. ಅದೇ ಮಿಕ್ಸ್ ಮೊಬೈಲ್‌ನಲ್ಲಿ ಸಿಗುತ್ತದೆ, ನಿಜ. ಆದರೆ ಆ ಮಿಕ್ಸ್ ಮಾಡಿದವರು ಈ ತಟ್ಟೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡಿದ್ದರು.

ರೀಮಿಕ್ಸ್ ಅಂದರೆ ಈಗ ಲ್ಯಾಪ್‌ಟಾಪ್ ನೆನಪಾಗುತ್ತದೆ. ಆಗ ಇದ್ದದ್ದು ಟೇಪು, ಬ್ಲೇಡು. ಹಾಡಿನ ಡ್ರಮ್ ಒಂದು ಟ್ರ್ಯಾಕ್, ಬೇಸ್ ಒಂದು, ದನಿ ಒಂದು, ಹೀಗೆ 24 ಟ್ರ್ಯಾಕ್‌ವರೆಗೂ ಅಗಲವಾದ ಟೇಪಿನಲ್ಲಿ ಇರುತ್ತಿತ್ತು. ಮಿಕ್ಸ್ ಮಾಡುವವರು ಒಂದೊಂದೇ ಟ್ರ್ಯಾಕ್ ಏರಿಸಿ ಇಳಿಸಿ ಬೇರೆ ಬೇರೆ ತುಣುಕು ಇಳಿಸಿಕೊಳ್ಳುತ್ತಿದ್ದರು. ಆಮೇಲೆ ಟೇಪನ್ನೇ ಕತ್ತರಿಸಿ ಅಂಟಿಸುತ್ತಿದ್ದರು. ಎಲ್ಲಿ ಕತ್ತರಿಸಬೇಕು, ಎಷ್ಟು ಹೊತ್ತು ಹಿಡಿದಿಡಬೇಕು ಅನ್ನುವುದೆಲ್ಲ ಅವರ ಕಿವಿಯ ತೀರ್ಮಾನ. ನಮ್ಮ ಕಂಪನಿ ನಾಟಕಗಳಲ್ಲಿ ಜನ ಒನ್ಸ್ ಮೋರ್ ಅಂದಾಗ ಹಾರ್ಮೋನಿಯಂ ಮಾಸ್ತರರು ಸಭೆ ನೋಡಿ ಹಾಡು ಬೆಳೆಸುತ್ತಿದ್ದರಲ್ಲ, ಆ ಬಗೆಯ ಜಾಣತನ ಇದು. ಹಾಡು ಅದೇ, ಬೆಳೆಸುವ ಕೈ ಬೇರೆ. ಆ ಕೈಯ ಹೆಸರು ಕವರಿನ ಹಿಂದೆ ಚಿಕ್ಕ ಅಕ್ಷರದಲ್ಲಿರುತ್ತದೆ. ನಾನೀಗ ಹುಡುಕುತ್ತಿರುವುದು ಆ ಚಿಕ್ಕ ಅಕ್ಷರಗಳನ್ನು.

ಈ ಚಳಿಗಾಲದ ದೊಡ್ಡ ಸಂತೋಷ ಫ್ರಾಂಸ್ವಾ ಕೆವೊರ್ಕಿಯನ್ ಸಾಲು. ಫ್ರಾನ್ಸಿನಲ್ಲಿ ಹುಟ್ಟಿ 1975ರಲ್ಲಿ ನ್ಯೂಯಾರ್ಕಿಗೆ ಬಂದವರು. ಯಾಜೂ ಜೋಡಿಯ 'ಸಿಚುಯೇಶನ್' ಇಂಗ್ಲೆಂಡಿನಲ್ಲಿ 1982ರಲ್ಲಿ ಬೇರೊಂದು ಸಿಂಗಲ್‌ನ ಹಿಂಬದಿಯಾಗಿ ಹೊರಬಂದಿತ್ತು. ಅದನ್ನು ಕೆವೊರ್ಕಿಯನ್ ಬೆಳೆಸಿದ ಮಿಕ್ಸ್ ಅಮೆರಿಕದಲ್ಲಿ ಡ್ಯಾನ್ಸ್ ಪಟ್ಟಿಯ ಮೇಲಕ್ಕೇ ಹೋಯಿತು. ಅದರ ಅಮೆರಿಕನ್ 12 ಇಂಚು, ಸೈರ್ ಕಂಪನಿಯದು, ನನ್ನ ಕೈಗೆ ಬಂದಿದೆ. ಅಲ್ಲಿ ಜೋಡಿಯ ಹೆಸರು ಬರೀ ಯಾಜ್ ಅಂತ ಅಚ್ಚಾಗಿರುತ್ತದೆ. ಕವರಿನ ಮೂಲೆ ಸವೆದಿದೆ, ತಟ್ಟೆ ಚೆನ್ನಾಗಿದೆ. ನನಗೆ ಅಷ್ಟು ಸಾಕು.

ಅದರ ಪಕ್ಕದಲ್ಲಿ ಕ್ರಾಫ್ಟ್‌ವರ್ಕ್‌ನ 1983ರ ಸೈಕಲ್ ಓಟದ ಹಾಡು 'ಟೂರ್ ದ ಫ್ರಾನ್ಸ್', ಅದಕ್ಕೂ ಇವರದೇ ಮಿಕ್ಸ್ ಇದೆ. ಅದರ ಮುಂದೆ ಡೆಪೆಷ್ ಮೋಡ್‌ನ 1990ರ ಎಲ್ಪಿ 'ವಯಲೇಟರ್'. ನಾನು ಎಲ್ಪಿ ಕೊಳ್ಳುವುದು ಅಪರೂಪ. ಇದನ್ನು ಇಟ್ಟುಕೊಂಡಿರುವುದು ಇದರ ಮಿಕ್ಸಿಂಗ್‌ನಲ್ಲಿ ಕೆವೊರ್ಕಿಯನ್ ಕೈ ಇದೆ ಅಂತ. ಮೂರನ್ನೂ ಒಂದೇ ಸಂಜೆ ಸಾಲಾಗಿ ಹಾಕಿ ಕೇಳಿದೆ. ಡ್ರಮ್ ಸುತ್ತ ಖಾಲಿ ಜಾಗ ಬಿಡುವ ರೀತಿ, ಎಕೋ ಒಂದನ್ನು ತೂಗಿಬಿಟ್ಟು ಸಟ್ಟನೆ ಕತ್ತರಿಸುವ ರೀತಿ ಮೂರರಲ್ಲೂ ಕಂಡಿತು. ಬ್ಯಾಂಡಿನ ಪ್ರಕಾರ ಜೋಡಿಸಿದ್ದಾಗ ಈ ಮೂರು ಒಟ್ಟಿಗೆ ಬರುತ್ತಲೇ ಇರಲಿಲ್ಲ.

ಇನ್ನೊಬ್ಬ ರೀಮಿಕ್ಸ್‌ಗಾರ ಶೆಪ್ ಪೆಟಿಬೋನ್ ಸಾಲು ಉದ್ದವಾಗುತ್ತಿದೆ. ನ್ಯೂ ಆರ್ಡರ್‌ನ 1986, 1987ರ ಹಾಡುಗಳು, ಡೆಪೆಷ್ ಮೋಡ್‌ನ 1987ರ 'ಬಿಹೈಂಡ್ ದ ವೀಲ್', ಪೆಟ್ ಶಾಪ್ ಬಾಯ್ಸ್, ಎಲ್ಲ ಕಡೆ ಇವರಿದ್ದಾರೆ. ಸಿಗುವುದೂ ಸುಲಭ, ಬೆಲೆಯೂ ಕಡಿಮೆ. ಹೊಸದಾಗಿ ಶುರು ಮಾಡುವವರು ಇಲ್ಲಿಂದ ಶುರು ಮಾಡಲಿ ಅಂತ ನನ್ನ ಅನಿಸಿಕೆ.

ನ್ಯೂ ಆರ್ಡರ್‌ನ 'ಬ್ಲೂ ಮಂಡೇ' ಬಗ್ಗೆ ಕೇಳಿದವರು ಬಹಳ. 1983ರ ಮಾರ್ಚ್‌ನಲ್ಲಿ ಫ್ಯಾಕ್ಟರಿ ಕಂಪನಿಯಿಂದ ಬಂದದ್ದು, ಸಂಖ್ಯೆ ಎಫ್ಎಸಿ 73. ಏಳೂವರೆ ನಿಮಿಷದ ಹಾಡು. ಇದು ಮೊದಲಿಂದಲೇ 12 ಇಂಚಿಗಾಗಿ ಹುಟ್ಟಿದ ಹಾಡಾದ್ದರಿಂದ ರೀಮಿಕ್ಸ್ ಅಲ್ಲ, ಆದರೂ ಕಪಾಟಿನ ಮೊದಲ ಜಾಗ ಇದಕ್ಕೇ. ಪೀಟರ್ ಸ್ಯಾವಿಲ್ ಮಾಡಿದ ಕವರು ಆಗಿನ ಫ್ಲಾಪಿ ಡಿಸ್ಕಿನ ಹಾಗೆ ಕಾಣುತ್ತದೆ. ಮೇಲೆ ಹಾಡಿನ ಹೆಸರಿಲ್ಲ, ಬ್ಯಾಂಡಿನ ಹೆಸರಿಲ್ಲ. ಬಲಗಡೆ ಬಣ್ಣದ ಚೌಕಗಳ ಪಟ್ಟಿ, ಹೆಸರುಗಳು ಅದರಲ್ಲೇ ಗುಟ್ಟಾಗಿ ಬರೆದಿವೆ. ಅದನ್ನು ಓದುವ ಬಣ್ಣದ ಚಕ್ರ ಬ್ಯಾಂಡಿನ ಅದೇ ವರ್ಷದ ಎಲ್ಪಿಯ ಹಿಂಬದಿಯಲ್ಲಿದೆ. ಮೊದಲ ಅಚ್ಚಿನ ಕವರಿನಲ್ಲಿ ರಂಧ್ರಗಳನ್ನು ನಿಜವಾಗಿಯೇ ಕತ್ತರಿಸಿದ್ದಾರೆ. ಆಮೇಲಿನ ಅಚ್ಚುಗಳಲ್ಲಿ ಕತ್ತರಿಸದೆ ಬರೀ ಮುದ್ರಿಸಿದ್ದೂ ಇದೆ. ನನ್ನದು ಕತ್ತರಿಸಿದ್ದು. 1988ರಲ್ಲಿ ಕ್ವಿನ್ಸಿ ಜೋನ್ಸ್ ಮತ್ತು ಜಾನ್ ಪೊಟೋಕರ್ ಮಾಡಿದ ಹೊಸ ಮಿಕ್ಸ್ ಕೂಡ ಪಕ್ಕದಲ್ಲಿದೆ. ನನಗೆ ಹಳೆಯದೇ ಮೇಲು ಅನಿಸುತ್ತದೆ, ಅದರ ಬಿರುಸು ಇದರಲ್ಲಿಲ್ಲ.

ಕೊಳ್ಳುವ ವಿಚಾರಕ್ಕೆ ಬರುತ್ತೇನೆ. ನಮ್ಮ ದೇಶದ ಹಳೆ ಅಂಗಡಿಗಳಲ್ಲಿ, ಮುಂಬೈ ಚೋರ್ ಬಜಾರ್ ಇರಲಿ, ಕೋಲ್ಕತ್ತದ ಫ್ರೀ ಸ್ಕೂಲ್ ಸ್ಟ್ರೀಟ್ ಇರಲಿ, ನನಗೆ ಕಂಡದ್ದು ಎಲ್ಪಿಗಳೇ ಜಾಸ್ತಿ. 12 ಇಂಚಿನ ಸಿಂಗಲ್ ಬೇಕಾದರೆ ಇಂಗ್ಲೆಂಡ್, ಜರ್ಮನಿ ಕಡೆಯಿಂದ ತರಿಸಬೇಕು. ರೆಕಾರ್ಡಿಗಿಂತ ಅಂಚೆ ಖರ್ಚು ದುಬಾರಿ, ಅದರ ಮೇಲೆ ಸುಂಕ. ಹಾಗಾಗಿ ಒಬ್ಬನೇ ಮಾರಾಟಗಾರನ ಹತ್ತಿರ ಬೇಕಾದದ್ದೆಲ್ಲ ಇದೆಯೇ ಅಂತ ನೋಡಿ ಒಟ್ಟಿಗೆ ತರಿಸುತ್ತೇನೆ. ದುಡ್ಡು ಕಟ್ಟುವ ಮುಂಚೆ ಕೊನೆಯ ಗೆರೆಗೂ ಲೇಬಲ್ಲಿಗೂ ನಡುವೆ ಇರುವ ನುಣುಪು ಜಾಗದ ಫೋಟೋ ಕೇಳುತ್ತೇನೆ. ತಟ್ಟೆಯ ಆಧಾರ್ ಕಾರ್ಡ್ ಅಲ್ಲೇ ಇರುವುದು. ಯಾವ ಕೆತ್ತನೆಯಿಂದ ಅಚ್ಚಾಯಿತು ಅನ್ನುವ ಸಂಖ್ಯೆ ಇರುತ್ತದೆ. ಕೆಲವು ಬ್ರಿಟಿಷ್ ತಟ್ಟೆಗಳಲ್ಲಿ ಕೆತ್ತಿದವರು ಕೈಯಾರೆ ಗೀಚಿದ ಮಾತೂ ಇರುತ್ತದೆ. ಜಾರ್ಜ್ ಪೆಕಮ್ ಕೆತ್ತಿದವುಗಳ ಮೇಲೆ 'ಎ ಪೋರ್ಕಿ ಪ್ರೈಮ್ ಕಟ್' ಅಂತ ಬರೆದಿರುತ್ತದೆ. ಅದು ಕಂಡರೆ ನನಗೆ ಧೈರ್ಯ, ಸದ್ದು ಗಟ್ಟಿಯಾಗಿಯೇ ಇರುತ್ತದೆ.

ಈಗ ನಮ್ಮ ಊರಿನ ಮಾತು. ಬಳ್ಳಾರಿಯಲ್ಲಿ ವಿನೈಲ್ ರೆಕಾರ್ಡ್ ಇಟ್ಟುಕೊಳ್ಳುವುದು ಬೆಂಗಳೂರಿನಲ್ಲಿ ಇಟ್ಟುಕೊಂಡ ಹಾಗಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವುದು ನಮಗೆ ಹೊಸದಲ್ಲ. ನೆರಳಿನ ಆ ಬಿಸಿಗೆ ತಟ್ಟೆ ಕರಗಲ್ಲ, ಆದರೆ ಬಿಸಿಲಿಗೆ ನಿಂತ ಗಾಡಿಯೊಳಗೆ, ಪಡುವಣ ಗೋಡೆಗೆ ಒರಗಿದ ಕಪಾಟಿನಲ್ಲಿ ಬಾಗುತ್ತದೆ. ಅದಕ್ಕೇ ಕಪಾಟನ್ನು ಮನೆಯ ಒಳಗೋಡೆಗೆ ಸೇರಿಸಿದ್ದೇನೆ. ತಟ್ಟೆಗಳು ನೆಟ್ಟಗೆ ನಿಂತಿವೆ, ಒಂದರ ಮೇಲೊಂದು ಪೇರಿಸಿಲ್ಲ. ಶಿವರಾತ್ರಿ ಆದಮೇಲೆ ಮಳೆ ಹಿಡಿಯುವವರೆಗೂ ಹೊರಗಿನಿಂದ ಏನೂ ತರಿಸುವುದಿಲ್ಲ. ಪಾರ್ಸೆಲ್ ಯಾವ ಗೋದಾಮಿನ ತಗಡಿನ ಕೆಳಗೆ ಎಷ್ಟು ದಿನ ಕೂರುತ್ತದೋ ಯಾರಿಗೆ ಗೊತ್ತು?

ಒಂದು ಲಾಭವೂ ಇದೆ. ನಮ್ಮದು ಒಣ ಹವೆ. ಕರಾವಳಿ ಊರುಗಳಿಂದ ಬರುವ ಹಳೆ ಕವರುಗಳಲ್ಲಿ ಬೂಸ್ಟು ಹಿಡಿದಿರುತ್ತದೆ, ಇಲ್ಲಿ ಇಟ್ಟ ಕವರಿಗೆ ಆ ಕಾಟ ಇಲ್ಲ. ಕಾಟ ಕೊಡುವುದು ಧೂಳು. ಹೊಸಪೇಟೆ, ಸಂಡೂರು ಕಡೆಯಿಂದ ಅದಿರಿನ ಲಾರಿಗಳು ಓಡಾಡುವ ಸೀಮೆ ಇದು. ಬಿಳಿ ಬಟ್ಟೆಯಲ್ಲಿ ಕಿಟಕಿ ಒರೆಸಿದರೆ ಕೆಂಪು ಹತ್ತುತ್ತದೆ. ಅದಿರಿನ ಧೂಳು ಗಡಸು, ವಿನೈಲ್ ಮೆತ್ತಗೆ. ಒಣ ಹವೆಯಲ್ಲಿ ತಟ್ಟೆ ತಿರುಗುವಾಗ ಸ್ಟ್ಯಾಟಿಕ್ ವಿದ್ಯುತ್ ಹುಟ್ಟಿ ಅದನ್ನೇ ಎಳೆದುಕೊಳ್ಳುತ್ತದೆ. ಆದ್ದರಿಂದ ಬಂದ ತಟ್ಟೆಯನ್ನು ಒಣಗಿದ್ದಾಗ ಉಜ್ಜುವುದೇ ಇಲ್ಲ. ಮೊದಲು ಡಿಸ್ಟಿಲ್ಡ್ ನೀರಿನಲ್ಲಿ ತೊಳೆದು ಧೂಳು ಇಳಿಸುತ್ತೇನೆ. ಆಮೇಲೆ ನೀರಿಗೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೋಹಾಲ್ ಬೆರೆಸಿ, ಮೆತ್ತನೆ ಬ್ರಷ್‌ನಿಂದ ಗೆರೆಯ ಜಾಡಿನಲ್ಲೇ ಸುತ್ತುತ್ತೇನೆ. ಕೊನೆಗೆ ಬರೀ ನೀರು. ಬೋರ್ ನೀರು ಬೇಡವೇ ಬೇಡ, ಅದರ ಉಪ್ಪು ಗೆರೆಯೊಳಗೆ ಕೂರುತ್ತದೆ. ಹಳೆ ಪೇಪರ್ ಒಳಕವರನ್ನು ಎಸೆಯದೆ ಹೊರಕವರಿನಲ್ಲೇ ಬಿಟ್ಟು, ತಟ್ಟೆಯನ್ನು ಮಾತ್ರ ಪ್ಲಾಸ್ಟಿಕ್ ಒಳಪದರ ಇರುವ ಹೊಸ ಕವರಿಗೆ ಹಾಕುತ್ತೇನೆ. ಟರ್ನ್‌ಟೇಬಲ್‌ಗೆ ಮುಸುಕು ಹೊಲಿಸಿದ್ದು ಜೀನ್ಸ್ ಬಟ್ಟೆಯಲ್ಲಿ. ಬಳ್ಳಾರಿಯಲ್ಲಿ ಆ ಬಟ್ಟೆಗೇನು ಬರ, ಅಲ್ವಾ?

ಎಚ್ಚರಿಕೆ ಒಂದು: ಅಜ್ಜನ ಕಾಲದ 78 ಸುತ್ತಿನ ತಟ್ಟೆಗಳಿಗೆ ಆಲ್ಕೋಹಾಲ್ ಸೋಕಿಸಬೇಡಿ. ಅವು ಅರಗಿನವು, ಮೇಲ್ಪದರ ಕರಗುತ್ತದೆ. ಇದನ್ನು ನನಗೆ ಹೇಳಿಕೊಟ್ಟವರು ಕೌಲ್ ಬಜಾರಿನ ಚಾಚಾ. ಮೊದಲು ಮದುವೆಗಳಿಗೆ ಮೈಕ್ ಸೆಟ್ ಕೊಡುತ್ತಿದ್ದರು, ಈಗ ರಿಪೇರಿ ಮಾತ್ರ. ನನ್ನ ಟರ್ನ್‌ಟೇಬಲ್ ಜಪಾನಿನ ಹಳೆಯದು, ಬೆಲ್ಟ್ ಇಲ್ಲದೆ ಮೋಟರೇ ನೇರ ತಿರುಗಿಸುವ ಡೈರೆಕ್ಟ್ ಡ್ರೈವ್, ಅಲ್ಲಿಯ 100 ವೋಲ್ಟಿನದು. ನಮ್ಮ 230ಕ್ಕೆ ನೇರ ಸಿಕ್ಕಿಸಿದರೆ ಸುಟ್ಟೇ ಹೋಗುತ್ತದೆ. ಚಾಚಾ ಅದಕ್ಕೊಂದು ಟ್ರಾನ್ಸ್‌ಫಾರ್ಮರ್ ಸುತ್ತಿಕೊಟ್ಟರು, ಒಣಗಿದ ಕೆಪಾಸಿಟರ್‌ಗಳನ್ನೂ ಬದಲಿಸಿದರು. ಕ್ವಾರ್ಟ್ಜ್ ಲಾಕ್ ಇರುವುದರಿಂದ ಕರೆಂಟು ಸ್ವಲ್ಪ ಏರಿಳಿದರೂ ವೇಗ ಅಲುಗಾಡುವುದಿಲ್ಲ. ಸೂಜಿ ಆಡಿಯೋ ಟೆಕ್ನಿಕಾದ ವಿಎಂ95ಇ, ತಟ್ಟೆಯ ಮೇಲೆ ಬೀಳುವ ಭಾರ 2 ಗ್ರಾಂ.

ಪರೀಕ್ಷೆಗೆ ಅವರ ಅಂಗಡಿಯಲ್ಲೇ ಪೆಟಿಬೋನ್ ಮಿಕ್ಸ್ ಒಂದನ್ನು ಹಾಕಿದೆವು. ಬರೀ ಡ್ರಮ್, ಡ್ರಮ್, ಡ್ರಮ್. ಚಾಚಾ ಸ್ವಲ್ಪ ಹೊತ್ತು ಕೇಳಿ, "ಹಾಡು ಯಾವಾಗ ಸುರು ಆಗ್ತೈತೆ ತಮ್ಮಾ?" ಅಂದರು.

"ಅದು ಡಿಜೆಗಳಿಗೆ ಬಿಟ್ಟ ಜಾಗ ಚಾಚಾ. ಹಿಂದಿನ ಹಾಡಿನ ತಾಳಕ್ಕೆ ಈ ತಾಳ ಕೂಡಿಸ್ಕೋಬೇಕಲ್ಲ, ಅದಕ್ಕೆ" ಅಂದೆ.

ಅವರು ಸೂಜಿ ಎತ್ತಲು ಬಿಡಲಿಲ್ಲ. ಬೇಸ್ ಬಂದಾಗ ಸ್ಪೀಕರಿನ ಕೋನ್ ಮೇಲೆ ಬೆರಳಿಟ್ಟು ನೋಡಿದರು. "ಪ್ಲೇಟಿನಾಗೆ ದಮ್ ಐತೆ ಬಿಡು. ನಮ್ ಕಾಲದ ಪ್ಲೇಟಿನಾಗೆ ಇಷ್ಟು ಬೇಸ್ ಇರಲಿಲ್ಲ" ಅಂದರು. ಆ ಬದಿ ಮುಗಿಯುವವರೆಗೆ ಬೇರೆ ಕೆಲಸ ಮುಟ್ಟಲಿಲ್ಲ.

ಕಪಾಟಿನ ಕೊನೆಯಲ್ಲಿ ನಮ್ಮವರಿಗೂ ಒಂದು ಗೂಡು ಇಟ್ಟಿದ್ದೇನೆ. ಬೆಂಗಳೂರಿನಲ್ಲಿ ಹುಟ್ಟಿ ಲಂಡನ್ನಿಗೆ ಹೋದ ಬಿದ್ದು, ನಾಜಿಯಾ ಹಸನ್ ಜೊತೆ 1981ರಲ್ಲಿ ಮಾಡಿದ ಎಲ್ಪಿ ಅಲ್ಲಿದೆ. ಚರಣ್‌ಜಿತ್ ಸಿಂಗ್ 1982ರಲ್ಲಿ ರೋಲ್ಯಾಂಡ್ ಕಂಪನಿಯ ಜುಪಿಟರ್ 8, ಟಿಬಿ 303, ಟಿಆರ್ 808 ಮಷಿನ್‌ಗಳಲ್ಲಿ ಹತ್ತು ರಾಗ ನುಡಿಸಿದ್ದರ ಮರುಮುದ್ರಣವೂ ಇದೆ. ಇವು ಸಿಂಗಲ್‌ಗಳಲ್ಲ, ರೀಮಿಕ್ಸ್‌ಗಳೂ ಅಲ್ಲ. ಆದರೆ ಮ್ಯಾಂಚೆಸ್ಟರಿನಲ್ಲಿ ನ್ಯೂ ಆರ್ಡರ್‌ನ ಡ್ರಮ್ ಮಷಿನ್ ಬಡಿಯುತ್ತಿದ್ದ ದಿನಗಳಲ್ಲೇ ಇಲ್ಲೂ ಅದು ಬಡಿಯುತ್ತಿತ್ತು. ಅದು ಕಪಾಟಿನಲ್ಲಿ ಕಾಣಬೇಕು.

ಮುಂದಿನದು ಏಡ್ರಿಯನ್ ಶೆರ್ವುಡ್. ಜಮೈಕಾದ ಡಬ್ ಸಂಗೀತದಲ್ಲಿ ಪಳಗಿದ ಇವರು 1984ರಲ್ಲಿ ಡೆಪೆಷ್ ಮೋಡ್‌ನ ಎರಡು ಹಾಡುಗಳನ್ನು ಸೀಳಿ ಹರಡಿದ್ದಾರೆ. ಆ ಮಿಕ್ಸ್‌ಗಳು ಮಾಮೂಲಿ 12 ಇಂಚಿನಲ್ಲಿ ಇಲ್ಲ. ಮ್ಯೂಟ್ ಕಂಪನಿಯ ಸಂಖ್ಯೆಗಳಲ್ಲಿ '12 ಬಾಂಗ್' ಅಂತಿದ್ದರೆ ಮಾಮೂಲಿ, 'ಎಲ್ 12 ಬಾಂಗ್' ಅಂತಿದ್ದರೆ ಸೀಮಿತ ಅಚ್ಚು. ನನಗೆ ಬೇಕಾದದ್ದು 'ಎಲ್' ಇರುವ ಐದು ಮತ್ತು ಆರು. ಐದನೆಯದು ಇಂಗ್ಲೆಂಡಿನ ಮಾರಾಟಗಾರನೊಬ್ಬನ ಹತ್ತಿರ ಕಂಡಿದೆ, ಅದೇ ಪಾರ್ಸೆಲ್‌ನಲ್ಲಿ ಮಾರ್ಟಿನ್ ರಷೆಂಟ್ ಟೇಪ್ ಕತ್ತರಿಸಿ ಕಟ್ಟಿದ ಹ್ಯೂಮನ್ ಲೀಗ್‌ನ 1982ರ ರೀಮಿಕ್ಸ್ ಎಲ್ಪಿಯೂ ಬರಬಹುದು. ಶಿವರಾತ್ರಿಗೆ ಮುಂಚೆ ಬಳ್ಳಾರಿ ಮುಟ್ಟಬೇಕಾದರೆ ಈ ವಾರವೇ ಹೊರಡಬೇಕು. ನುಣುಪು ಜಾಗದ ಫೋಟೋ ಕೇಳಿದ್ದೇನೆ, ಬಂದ ಕೂಡಲೇ ದುಡ್ಡು ಕಟ್ಟುತ್ತೇನೆ.