ಹದಿನಾಲ್ಕೆಂದು ಕೊಟ್ಟ ಮ್ಯಾಟಿ ಬಟ್ಟೆ

14 ಜುಲೈ 2024, ಭಾನುವಾರ
ಧಾರವಾಡ

ಬೆಳಗಿನಿಂದ ಜಿಟಿಜಿಟಿ ಮಳೆ ಹಿಡಿದಿದ್ದರಿಂದ ಹೊರಗಿನ ಕೆಲಸಗಳೆಲ್ಲ ನಿಂತುಹೋದವು. ಎರಡು ದಿನದ ಮಟ್ಟಿಗೆ ಬಂದಿರುವ ತಂಗಿಯ ಮಗಳು, ಊಟವಾದ ಮೇಲೆ ತನ್ನ ಕಸೂತಿ ಸಾಮಾನಿನ ಚೀಲವನ್ನು ಚಾಪೆಯ ಮೇಲೆ ಸುರಿದು, "ಮೌಶಿ, ಇದಕ್ಕ ಎಷ್ಟನೇ ನಂಬರಿನ ಸೂಜಿ ಹಾಕ್ಲಿ?" ಎಂದು ಕೇಳಿದಳು. ಮನೆ ಎಣಿಸಿ X ಆಕಾರದಲ್ಲಿ ಹೊಲಿಯುವ ಕ್ರಾಸ್‌ಸ್ಟಿಚ್ ಕಲಿಯಲು ಹೊರಟವರೆಲ್ಲ ಮೊದಲು ಕೇಳುವ ಪ್ರಶ್ನೆ ಇದೇ, ಮತ್ತು ನನ್ನ ಮಟ್ಟಿಗೆ ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆಯೂ ಇದೇ. "ಬಟ್ಟಿ ಎಂಥಾದ್ದು ಅಂತ ಗೊತ್ತಾಗದ ಸೂಜಿ ಹೆಂಗ ಹೇಳ್ಲಿ? ಮೊದಲ ಅದನ್ನ ಎಣಸು" ಎಂದೆ. ಅವಳಿಗೆ ಸ್ವಲ್ಪ ಬೇಸರವಾಯಿತು. ಆದರೆ ಆ ಎಣಿಕೆಯಲ್ಲೇ ಇಡೀ ಮಧ್ಯಾಹ್ನ ಕಳೆಯಿತು, ಮತ್ತು ಕಳೆದದ್ದು ಒಳ್ಳೆಯದೇ ಆಯಿತು.

ಚೀಲದಲ್ಲಿದ್ದದ್ದು ಎರಡು ಬಗೆಯ ಬಟ್ಟೆ. ಒಂದು, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಮೇಲೆ 14 ಎಂದು ಅಚ್ಚು ಹಾಕಿದ ಬಿಳಿ ಐಡಾ ಬಟ್ಟೆಯ ತುಂಡು. ಇನ್ನೊಂದು, ಥಾನಿನಿಂದ ಕತ್ತರಿಸಿಕೊಟ್ಟ ಅರ್ಧ ಮೀಟರ್ ಕೆನೆ ಬಣ್ಣದ ಮ್ಯಾಟಿ, ಅಂದರೆ ಕಸೂತಿಗೆ ಬಳಸುವ ದಪ್ಪ ಹತ್ತಿ ಬಟ್ಟೆ. ಅಂಗಡಿಯವರು ಇದನ್ನೂ "ಹದಿನಾಲ್ಕೇ" ಎಂದು ಹೇಳಿ ಕೊಟ್ಟಿದ್ದರಂತೆ. ಜೊತೆಗೆ ಹತ್ತಾರು ಲಡಿ ಆ್ಯಂಕರ್ ದಾರ, 22, 24, 26ನೇ ನಂಬರಿನ ಸೂಜಿಗಳು ಕೂಡಿ ಇರುವ ಒಂದು ಪೊಟ್ಟಣ, ಮತ್ತು ಚೌಕುಳಿ ಹಾಳೆಯ ಮೇಲೆ ಅವಳೇ ಬಿಡಿಸಿಕೊಂಡ ತುಳಸಿ ವೃಂದಾವನದ ನಕ್ಷೆ. ನಕ್ಷೆಯಲ್ಲಿ ಅಡ್ಡಕ್ಕೆ 98 ಮನೆ, ಎತ್ತರಕ್ಕೆ 126 ಮನೆ.

ಬಟ್ಟೆಯ ಕೌಂಟ್ ಎಂದರೆ ಒಂದು ಇಂಚಿನಲ್ಲಿ ಎಷ್ಟು ಮನೆಗಳಿವೆ ಎಂಬ ಲೆಕ್ಕ, ಅಷ್ಟೇ. ಐಡಾದಲ್ಲಿ ನೂಲಿನ ಎಳೆಗಳನ್ನು ಗುಂಪುಗೂಡಿಸಿ ನೇಯ್ದಿರುವುದರಿಂದ ಚೌಕಾಬಾರದ ಮನೆಯಂತೆ ಒಂದೊಂದು ಚೌಕವೂ ಬೇರೆಯಾಗಿ ಕಾಣುತ್ತದೆ, ನಾಲ್ಕು ಮೂಲೆಗೆ ನಾಲ್ಕು ತೂತುಗಳಿರುತ್ತವೆ, ಒಂದು ಮನೆಗೆ ಒಂದು ಕ್ರಾಸ್ ಬೀಳುತ್ತದೆ. ಹೀಗಾಗಿ ನಕ್ಷೆಯ ಮನೆಗಳನ್ನು ಕೌಂಟಿನಿಂದ ಭಾಗಿಸಿದರೆ ಚಿತ್ರದ ಅಳತೆ ಇಂಚಿನಲ್ಲಿ ಸಿಗುತ್ತದೆ. ನಮ್ಮ ವೃಂದಾವನ 14 ಕೌಂಟಿನಲ್ಲಿ ಸರಿಯಾಗಿ 7 ಇಂಚು ಅಗಲ, 9 ಇಂಚು ಎತ್ತರ. ಅದೇ ನಕ್ಷೆ 11 ಕೌಂಟಿನಲ್ಲಿ ಸುಮಾರು 9 ಇಂಚು ಅಗಲ, ಹನ್ನೊಂದೂವರೆ ಇಂಚು ಎತ್ತರವಾಗುತ್ತದೆ. 18 ಕೌಂಟಿನಲ್ಲಿ ಐದೂವರೆಗೆ ಏಳು. ಕಟ್ಟು ಹಾಕಿಸುವುದಕ್ಕೆ ಸುತ್ತಲೂ ಮೂರು ಮೂರು ಇಂಚು ಬಿಡಬೇಕಾದ್ದರಿಂದ, 7ಕ್ಕೆ 9ರ ಚಿತ್ರಕ್ಕೆ 13ಕ್ಕೆ 15 ಇಂಚಿನ ಬಟ್ಟೆ ಬೇಕು. ಇಲ್ಲಿ ಅವಳು, "ಹಂಗಾರ ಸಣ್ಣ ಮನಿ ಬಟ್ಟಿ ತಗೊಂಡ್ರ ಕೆಲಸಾನೂ ಕಡಿಮಿ ಆಗ್ತದ" ಎಂದಳು. ಹಾಗಾಗುವುದಿಲ್ಲ. ನಕ್ಷೆಯನ್ನು ಪೂರ್ತಿ ತುಂಬಿದರೆ ಎಲ್ಲ ಕೌಂಟಿನಲ್ಲೂ ಅದೇ 12,348 ಕ್ರಾಸ್‌ಗಳು. ಮನೆ ಸಣ್ಣದಾದಂತೆ ದಾರ ಉಳಿಯುತ್ತದೆ, ಕಣ್ಣು ಸವೆಯುತ್ತದೆ.

ಐಡಾವನ್ನು ಅಳೆದು ನೋಡಿದೆವು: ಎರಡೂ ದಿಕ್ಕಿನಲ್ಲಿ ನಾಲ್ಕು ಇಂಚಿಗೆ 56 ಮನೆ. ಅದರ ಬಗ್ಗೆ ಹೇಳುವುದು ಇನ್ನೇನೂ ಇಲ್ಲ.

ಮ್ಯಾಟಿಯದ್ದೇ ಬೇರೆ ಕಥೆ. ನಮ್ಮ ಕಡೆ ಮೇಜಿನ ಹಾಸು, ದಿಂಬಿನ ಚೀಲ, ಬಾಗಿಲ ತೋರಣಗಳೆಲ್ಲ ಎಷ್ಟೋ ವರ್ಷಗಳಿಂದ ಮ್ಯಾಟಿಯ ಮೇಲೆಯೇ ಆಗಿವೆ. ಅಗ್ಗ, ಗಟ್ಟಿ, ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಆದರೆ ಹಾಸಿನ ಎಳೆಗಳೂ ಹೊಕ್ಕಿನ ಎಳೆಗಳೂ ಸಮನಾಗಿ ಕೂತಿರುತ್ತವೆಂಬ ಭರವಸೆ ಅದರಲ್ಲಿಲ್ಲ. ಅದಕ್ಕೇ ನಾನು ಮ್ಯಾಟಿಯನ್ನು ಗಂಜಿ ಹೋಗುವಂತೆ ಒಮ್ಮೆ ನೀರಿಗೆ ಹಾಕಿ, ಒಣಗಿಸಿ, ಇಸ್ತ್ರಿ ಮಾಡಿದ ಮೇಲೆಯೇ ಅಳೆಯುವುದು. ಗಂಜಿಯ ಬಿರುಸಿನಲ್ಲಿ ಅಳೆದ ಲೆಕ್ಕ ಒಗೆದ ಮೇಲೆ ಸುಳ್ಳಾಗುತ್ತದೆ. ಅದೃಷ್ಟಕ್ಕೆ ಅವಳು ನಿನ್ನೆಯೇ ನೆನೆಹಾಕಿ, ಫ್ಯಾನಿನ ಕೆಳಗೆ ಹರವಿ ಒಣಗಿಸಿದ್ದಳು. ಎರಡು ಗುಂಡುಸೂಜಿಗಳನ್ನು ನಾಲ್ಕು ಇಂಚಿನ ಅಂತರದಲ್ಲಿ ಚುಚ್ಚಿ, ನಡುವಿನ ಮನೆಗಳನ್ನು ಮೊಂಡು ಸೂಜಿಯ ತುದಿಯಿಂದ ಒಂದೊಂದಾಗಿ ಮುಟ್ಟುತ್ತ ಎಣಿಸಲು ಹೇಳಿದೆ. ಒಂದೇ ಇಂಚು ಎಣಿಸಿದರೆ ಅರ್ಧ ಮನೆಯ ತಪ್ಪು ಮುಚ್ಚಿಹೋಗುತ್ತದೆ. ನಾಲ್ಕು ಇಂಚಿಗೆ ಅದು ಎದ್ದು ಬರುತ್ತದೆ. ದಡಿಯಿಂದ (ಥಾನಿನ ನೇಯ್ದ ಅಂಚಿನಿಂದ) ದಡಿಗೆ ಅಡ್ಡಲಾಗಿ 46 ಬಂತು. ದಡಿಯ ಗುಂಟ ಉದ್ದಕ್ಕೆ 50 ಬಂತು. ನಂಬಿಕೆಯಾಗದೆ ಅವಳು ಬೇರೆ ಜಾಗದಲ್ಲಿ ಇನ್ನೊಮ್ಮೆ ಎಣಿಸಿದಳು, ಅಷ್ಟೇ ಬಂತು. ಅಂದರೆ ಇಂಚಿಗೆ ಒಂದು ಕಡೆ ಹನ್ನೊಂದೂವರೆ, ಇನ್ನೊಂದು ಕಡೆ ಹನ್ನೆರಡೂವರೆ. ಹದಿನಾಲ್ಕು ಎಂಬುದು ಯಾವ ದಿಕ್ಕಿನಲ್ಲೂ ಇರಲಿಲ್ಲ.

ಈ ಒಂದು ಮನೆಯ ವ್ಯತ್ಯಾಸವನ್ನು ನಾನು ಹಗುರಾಗಿ ತೆಗೆದುಕೊಳ್ಳದಿರಲು ಕಾರಣವಿದೆ. ಹಲವು ವರ್ಷಗಳ ಹಿಂದೆ, ಒಗೆಯದೆ, ಎಣಿಸದೆ, ಅಂಗಡಿಯ ಮಾತನ್ನೇ ನಂಬಿ ಮ್ಯಾಟಿಯ ಮೇಲೆ ತೇರು ಹೊಲಿದಿದ್ದೆ. ಚಕ್ರಕ್ಕೆ ಅಡ್ಡ 40, ಎತ್ತರ 40 ಮನೆ. ಮೂರು ವಾರ ಕೂತು ಚಕ್ರಗಳನ್ನು ಮುಗಿಸಿ ಗೋಡೆಗೆ ಆನಿಸಿ ನೋಡಿದರೆ, ಅಡ್ಡಕ್ಕೆ ಮೂರೂಮುಕ್ಕಾಲು ಇಂಚು, ಎತ್ತರಕ್ಕೆ ಮೂರೂಕಾಲು. ಭಾರ ತಡೆಯಲಾರದೆ ಚಕ್ರಗಳು ಕುಸಿದಂತೆ ತೇರು ನಿಂತಿತ್ತು. ಅದನ್ನು ಬಿಚ್ಚಲು ಮನಸ್ಸಾಗದೆ, ಈಗಲೂ ಟ್ರಂಕಿನ ತಳದಲ್ಲಿ ಇದೆ. ಇವತ್ತು ತೆಗೆದು ತೋರಿಸಿದೆ. ಅವಳು ನಕ್ಕಳು, ಆದರೆ ಆಮೇಲೆ ಎಣಿಸಲು ಬೇಸರಪಡಲಿಲ್ಲ.

ವೃಂದಾವನಕ್ಕೆ ಮಾತ್ರ ಒಂದು ದಾರಿಯಿದೆ. ದಡಿಯನ್ನು ಎಡಬಲಕ್ಕೆ ಇಟ್ಟುಕೊಂಡು ಹೊಲಿದರೆ ಅಗಲ ಎಂಟೂವರೆ ಇಂಚು, ಎತ್ತರ ಹತ್ತು ಇಂಚು ಆಗುತ್ತದೆ. ಇರಬೇಕಾದ ಎತ್ತರಕ್ಕಿಂತ ಹೆಚ್ಚುಕಡಿಮೆ ಒಂದು ಇಂಚು ಕಡಿಮೆ, ಕಟ್ಟೆ ಅಡಕಿ ಕುಳ್ಳಾದಂತೆ ಕಾಣುತ್ತದೆ. ಬಟ್ಟೆಯನ್ನು ಕಾಲು ಸುತ್ತು ತಿರುಗಿಸಿ ದಡಿಯನ್ನು ಮೇಲೆ ಕೆಳಗೆ ಬರುವಂತೆ ಇಟ್ಟುಕೊಂಡರೆ, ಅಗಲ ಎಂಟು ಇಂಚಿಗೆ ತುಸು ಕಡಿಮೆ, ಎತ್ತರ ಹನ್ನೊಂದು. ವೃಂದಾವನ ಸ್ವಲ್ಪ ನೀಳವಾಗುತ್ತದೆ, ಅದು ಕಣ್ಣಿಗೆ ಹಿತವೇ. ಗೋಪುರ, ದೀಪಮಾಲೆ ಕಂಬ, ಬಾಳೆಗಿಡ ಇವೂ ಹೀಗೆ ಎತ್ತರದ ಕಡೆಗೆ ತಪ್ಪನ್ನು ತಾಳಿಕೊಳ್ಳುತ್ತವೆ. ಚಕ್ರ, ಚಂದ್ರ, ಎಂಟೆಸಳಿನ ಹೂವು ಯಾವ ಕಡೆಗೂ ತಾಳಿಕೊಳ್ಳುವುದಿಲ್ಲ. ಅವಕ್ಕೆ ಐಡಾವೇ ಬೇಕು.

ಬಟ್ಟೆ ತೀರ್ಮಾನವಾದ ಮೇಲೆ ದಾರ. ಲಡಿಯ ದಾರದಲ್ಲಿ ಆರು ಎಳೆಗಳಿರುತ್ತವೆ, ಬೇಕಾದಷ್ಟನ್ನು ಬಿಡಿಸಿಕೊಂಡು ಹೊಲಿಯುತ್ತೇವೆ. 14 ಕೌಂಟಿಗೆ ಎರಡೆಳೆ, 11ಕ್ಕೆ ಮೂರೆಳೆ, 18ಕ್ಕೆ ಒಂದು ಅಥವಾ ಎರಡು ಎಂಬುದು ಸಾಮಾನ್ಯ ಲೆಕ್ಕ. ಇದರಲ್ಲೂ ಬಣ್ಣ ನೋಡಿ ಹೆಚ್ಚುಕಡಿಮೆ ಮಾಡಬೇಕಾಗುತ್ತದೆ: ಕಪ್ಪು ಬಟ್ಟೆಯ ಮೇಲೆ ಬಿಳಿ ಅಥವಾ ಹಳದಿ ದಾರ ಹಾಕಿದಾಗ ಎರಡೆಳೆಯ ಸಂದಿನಿಂದ ಕಪ್ಪು ಇಣುಕುತ್ತದೆ, ಆಗ ಇನ್ನೊಂದು ಎಳೆ ಸೇರಿಸುವುದು ಲೇಸು. ಎರಡೆಳೆಯ ಕೆಲಸಕ್ಕೆ ಒಂದು ಅನುಕೂಲವೂ ಇದೆ. ಒಂದೇ ಉದ್ದನೆಯ ಎಳೆಯನ್ನು ಮಡಿಸಿ, ಎರಡು ತುದಿಗಳನ್ನು ಸೂಜಿಗೆ ಪೋಣಿಸಿ, ಮೊದಲ ಹೊಲಿಗೆಯ ಹಿಂದೆ ಉಳಿಯುವ ಕುಣಿಕೆಯೊಳಗೆ ಸೂಜಿ ದಾಟಿಸಿದರೆ ಗಂಟೇ ಬೇಕಾಗುವುದಿಲ್ಲ. ಮೂರೆಳೆಗೆ ಈ ಉಪಾಯ ನಡೆಯದು. ಬಾಲವನ್ನು ಹಿಂಬದಿಯಲ್ಲಿ ಹಿಡಿದು ಮೊದಲ ನಾಲ್ಕೈದು ಹೊಲಿಗೆಗಳ ಅಡಿಯಲ್ಲಿ ಸಿಕ್ಕಿಸಬೇಕು. ಗಂಟು ಹಾಕುವುದನ್ನು ನಮ್ಮವ್ವ ಎಂದೂ ಒಪ್ಪುತ್ತಿರಲಿಲ್ಲ. ಕಸೂತಿಯ ಗವಂತಿ, ಮುರ್ಗಿ ಹೊಲಿಗೆಗಳಲ್ಲಿ ಸೀರೆಯ ಎರಡೂ ಮೈ ಒಂದೇ ಥರ ಕಾಣಬೇಕಾದ್ದರಿಂದ ಗಂಟಿಗೆ ಅಲ್ಲಿ ಜಾಗವೇ ಇಲ್ಲ, ಮತ್ತು ಆ ಶಿಸ್ತನ್ನು ಅವಳು ಮೆಂಥಿಗೂ ತಂದಿದ್ದಳು. ಮೆಂಥಿ ಎಂದರೆ ಮತ್ತೇನಲ್ಲ, ಇದೇ ಕ್ರಾಸ್‌ಸ್ಟಿಚ್.

ಇಷ್ಟಾದ ಮೇಲೆ ಸೂಜಿ. ಇದು ತುದಿ ಮೊಂಡಾದ, ಕಣ್ಣು ಉದ್ದವಾದ ಟ್ಯಾಪೆಸ್ಟ್ರಿ ಸೂಜಿಯಾಗಿರಬೇಕು. ಬಟ್ಟೆಯಲ್ಲಿ ತೂತು ಮೊದಲೇ ಇರುವುದರಿಂದ ಚುಚ್ಚುವ ತುದಿಗೆ ಕೆಲಸವಿಲ್ಲ, ಚೂಪಾದದ್ದು ಎಳೆಯನ್ನೇ ಸೀಳಿಕೊಂಡು ಹೋಗುತ್ತದೆ. ನಂಬರಿನ ವಿಷಯದಲ್ಲಿ ಅವಳಿಗೆ ಗೊಂದಲವಿತ್ತು, ಅದು ಸಹಜವೂ ಹೌದು. ಹೊಲಿಗೆ ಮಷಿನ್ನಿನ ಸೂಜಿಯಲ್ಲಿ 14ಕ್ಕಿಂತ 16 ದಪ್ಪ, 18 ಇನ್ನೂ ದಪ್ಪ. ಕೈಸೂಜಿಯಲ್ಲಿ ಇದು ತಿರುಗಾಮುರುಗಾ, 22 ದಪ್ಪ, 26 ಸಣ್ಣದು. ನೇಕಾರರ ನೂಲಿನ ನಂಬರ್ ನೆನಪಿಟ್ಟವರಿಗೆ ಇದು ಕಷ್ಟವಲ್ಲ, 40ರ ನೂಲಿಗಿಂತ 80ರ ನೂಲು ನವಿರು ತಾನೆ. ಅಂದಾಜಿಗೆ ಹೇಳುವುದಾದರೆ 8 ಕೌಂಟಿಗೆ 20, 11ಕ್ಕೆ 22 ಅಥವಾ 24, 14ಕ್ಕೆ 24, 16 ಮತ್ತು 18ಕ್ಕೆ 26, ಅದಕ್ಕೂ ಸಣ್ಣ ಮನೆಯ ಬಟ್ಟೆಗೆ 28.

ಆದರೆ ಈ ಪಟ್ಟಿಗಿಂತ ನಾನು ತೂತನ್ನು ಹೆಚ್ಚು ನಂಬುತ್ತೇನೆ. ಬಟ್ಟೆಯನ್ನು ರಿಂಗಿಗೆ ಬಿಗಿದು, ದಾರ ಪೋಣಿಸದ ಸೂಜಿಯನ್ನು ಒಂದು ತೂತಿನಲ್ಲಿ ನೆಟ್ಟಗೆ ಇಳಿಬಿಡಬೇಕು. ತಾನಾಗಿ ಜಾರಿ ಕೆಳಗೆ ಬಿದ್ದರೆ ಅದು ಸಣ್ಣದು. ಒತ್ತಿ ನೂಕಬೇಕಾಗಿ ಬಂದು, ತೆಗೆದ ಮೇಲೂ ತೂತು ಬಾಯ್ಬಿಟ್ಟುಕೊಂಡಿದ್ದರೆ ದಪ್ಪದ್ದು. ಕಣ್ಣಿನ ಹತ್ತಿರ ಬಂದು ಸಿಕ್ಕಿಕೊಂಡು ನಿಂತು, ಬೆರಳಿನಿಂದ ಮೆಲ್ಲನೆ ತಟ್ಟಿದರೆ ದಾಟಿಹೋಗುವ ಸೂಜಿ ಸರಿಯಾದದ್ದು. ಏಕೆಂದರೆ ಸೂಜಿಯ ಕಣ್ಣಿನಲ್ಲಿ ದಾರ ಮಡಿಚಿಕೊಂಡಿರುತ್ತದೆ, ಎರಡೆಳೆಯ ಕೆಲಸವೆಂದರೂ ತೂತಿನಲ್ಲಿ ಒಮ್ಮೆಗೆ ನಾಲ್ಕೆಳೆ ದಾಟಬೇಕು. ಸೂಜಿ ಅಷ್ಟು ದಾರಿ ಮಾಡಿಕೊಡದಿದ್ದರೆ ಪ್ರತಿ ಹೊಲಿಗೆಗೂ ದಾರ ಉಜ್ಜಿ ಜುಂಗು ಎದ್ದು ಹೊಳಪು ಹೋಗುತ್ತದೆ. ಮ್ಯಾಟಿಯಲ್ಲಿ 22 ತೂತನ್ನು ಅಗಲಿಸಿತು, 26 ಸುಳಿವಿಲ್ಲದೆ ನನ್ನ ಮಡಿಲಿಗೆ ಬಿತ್ತು, 24 ನಿಂತಿತು. ಐಡಾದ ಮೇಲೆ 24 ಸರಿಯಾಗಿಯೇ ಇತ್ತು, ಆದರೂ ನನ್ನ ಕೈಗೆ 26 ಇಷ್ಟ. ಹೊಲಿಗೆ ಬಿಗಿಯಾಗಿ ಕೂರುತ್ತದೆ ಎಂಬುದು ನನ್ನ ಅನುಭವ, ಬೇರೆಯವರು ಒಪ್ಪದಿರಬಹುದು.

ಇಳಕಲ್ ಸೀರೆಯ ಮೇಲೆ ಈ ಪರೀಕ್ಷೆ ನಡೆಯುವುದಿಲ್ಲ, ಅಲ್ಲಿ ತೂತೇ ಕಾಣುವುದಿಲ್ಲ. ಅವ್ವ ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಎಳೆಗಳನ್ನು ಸೂಜಿಯ ತುದಿಯಿಂದ ಎತ್ತಿ ಎಣಿಸಿ ಹೊಲಿಯುತ್ತಿದ್ದಳು, ಮಡಿಲಲ್ಲಿ ಬಿಳಿ ಪಂಚೆ ಹಾಸಿಕೊಂಡು. ಕೆಳಗಿನ ಬಿಳುಪು ಎಳೆಯ ಸಂದಿನಿಂದ ಕಂಡರೆ ಎಣಿಕೆ ತಪ್ಪುವುದಿಲ್ಲ. ಈಗ ಹಲವರು ಜಾಳು ಕ್ಯಾನ್ವಾಸನ್ನು ಸೀರೆಯ ಮೇಲೆ ಟಾಕು ಹಾಕಿ, ಅದರ ಮನೆಗಳ ಮೇಲೆ ಹೊಲಿದು, ಆಮೇಲೆ ಕ್ಯಾನ್ವಾಸಿನ ಎಳೆಗಳನ್ನು ಒಂದೊಂದಾಗಿ ಜಗ್ಗಿ ತೆಗೆಯುತ್ತಾರೆ. ಅದಕ್ಕೆ ಮೊಂಡು ಸೂಜಿ ಕೈಲಾಗದು, ಕೆಳಗಿನ ಬಟ್ಟೆಯನ್ನು ಚುಚ್ಚಿ ಹೋಗುವ ಚೂಪಾದ ಕಸೂತಿ ಸೂಜಿಯೇ ಬೇಕು. ಲಿನನ್ ಬಟ್ಟೆ ಐಡಾ ಮತ್ತು ಸೀರೆಯ ನಡುವಿನದು: 28 ಕೌಂಟಿನ ಲಿನನ್‌ನಲ್ಲಿ ಎರಡೆರಡು ಎಳೆ ದಾಟಿ ಹೊಲಿಯುವುದರಿಂದ ಚಿತ್ರದ ಅಳತೆ 14ರ ಐಡಾದಷ್ಟೇ ಬರುತ್ತದೆ. 28 ಎಂಬ ಸಂಖ್ಯೆ ನೋಡಿ ಹೆದರಬೇಕಿಲ್ಲ, ಆದರೆ ಮೊದಲ ಲಿನನ್ ಅನ್ನು ಮಳೆಗಾಲದ ಮಬ್ಬು ಬೆಳಕಿನಲ್ಲಿ ಶುರುಮಾಡಬಾರದು.

ನಾಲ್ಕೂವರೆಯ ಹೊತ್ತಿಗೆ ಬೆಳಕು ಕಡಿಮೆಯಾಯಿತು. ಮ್ಯಾಟಿಯ ಮೂಲೆಯಲ್ಲಿ ಹತ್ತಕ್ಕೆ ಹತ್ತು ಮನೆಯ ಎರಡು ತುಣುಕು ಹೊಲಿಸಿದೆ, ಒಂದು ಎರಡೆಳೆಯದು, ಒಂದು ಮೂರೆಳೆಯದು. ಎರಡೆಳೆಯದರಲ್ಲಿ ಹಸಿರಿನ ನಡುವೆ ಕೆನೆ ಬಣ್ಣ ಚುಕ್ಕಿಚುಕ್ಕಿಯಾಗಿ ಕಂಡಿತು, ಮೂರೆಳೆಯದು ಮೈತುಂಬಿಕೊಂಡಿತ್ತು. ಅವಳು ನಕ್ಷೆಯ ಹಾಳೆಯ ಮೇಲೆ "ದಡಿ ಮೇಲೆ ಕೆಳಗೆ, ಮೂರೆಳೆ, 24" ಎಂದು ಪೆನ್ಸಿಲ್ಲಿನಲ್ಲಿ ಬರೆದುಕೊಂಡು, ಸೂಜಿಯನ್ನು ಬಟ್ಟೆಗೇ ಸಿಕ್ಕಿಸಿ ಏಳುವವಳಿದ್ದಳು. ಈ ತಂಪಿನಲ್ಲಿ ರಾತ್ರಿಯೊಳಗೆ ತುಕ್ಕಿನ ಕಲೆ ಬೀಳುತ್ತದೆಂದು ತೆಗೆಸಿ, ನನ್ನ ಹಳೆಯ ಉಣ್ಣೆಯ ಸೂಜಿಪುಸ್ತಕದೊಳಗೆ ಇಡಿಸಿದೆ. ಅದರಲ್ಲಿ ಅವ್ವನ ಎರಡು ಸೂಜಿಗಳು ಇನ್ನೂ ಇವೆ. ಯಾವ ನಂಬರಿನವೆಂದು ಅವಳು ಕೇಳಿದಳು. ನಾಳೆ ಐಡಾದ ತೂತಿನಲ್ಲಿ ಇಳಿಬಿಟ್ಟು ನೋಡೋಣ ಎಂದೆ.