ಬಚ್ಚಲು ನಳ: ಮೂರು ವಾಷರ್, ಒಂದು ಗೀರು

ಭಾನುವಾರ

ನಮ್ಮ ದಾವಣಗೆರೆ ಮನೆಯ ಬಚ್ಚಲಲ್ಲಿ ಹಳೇ ಹಿತ್ತಾಳೆ ನಳ ಒಂದಿದೆ. ಮನೆ ಕಟ್ಟಿಸುವಾಗ ಅಪ್ಪಾಜಿ ಹಾಕಿಸಿದ್ದು. ಒಂದು ತಿಂಗಳಿಂದ ತೊಟ್ಟಿಕ್ಕುತ್ತಿದೆ. ಹಗಲು ಯಾರಿಗೂ ಕೇಳುವುದಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಟಪ್, ಟಪ್ ಶುರು. ನಿನ್ನೆ ರಾತ್ರಿ ಹತ್ತಕ್ಕೆ ಕೆಳಗೆ ಖಾಲಿ ಬಕೆಟ್ ಇಟ್ಟೆ. ಬೆಳಿಗ್ಗೆ ಆರಕ್ಕೆ ಅಳೆದರೆ ಹೆಚ್ಚೂಕಡಿಮೆ ಒಂದೂವರೆ ಲೀಟರ್! ದಿನಕ್ಕೆ ನಾಲ್ಕೂವರೆ, ತಿಂಗಳಿಗೆ 135 ಲೀಟರ್. ಬೋರ್ ನೀರಾದರೇನು, ಮೇಲೆತ್ತೋಕೆ ಕರೆಂಟ್ ಬೇಕಲ್ವಾ?

'ನಾಳೆ ಬರ್ತೀನಿ' ಅಂದ ಪ್ಲಂಬರ್‌ಗೆ ಆ ನಾಳೆ ಮೂರು ವಾರವಾದರೂ ಬಂದಿಲ್ಲ. ಸರಿ, ನಾನೇ ಬಿಚ್ಚುತ್ತೇನೆ ಅಂದೆ. ಅಜ್ಜಿ ನಕ್ಕಳು.

ಮೊದಲು ಮಾಳಿಗೆ ಮೇಲೆ ಟ್ಯಾಂಕಿನ ನೀರು ತಡೆಯುವ ಗೇಟ್ ವಾಲ್ವ್ ಬಂದ್ ಮಾಡಬೇಕು. ಅದು ವರ್ಷಗಟ್ಟಲೆ ತಿರುಗೇ ಇಲ್ಲ. ತಿರುವಿದೆ, ತಿರುವಿದೆ, ಕೊನೆಗೆ ನಿಂತಿತು. ಪೂರ್ತಿ ಬಂದ್ ಆಯಿತು ಅಂದುಕೊಂಡು ಕೆಳಗೆ ಬಂದು ನಳದ ತಲೆ ಬಿಚ್ಚಿದೆ. ನೀರು ನೇರ ಮುಖಕ್ಕೆ ಚಿಮ್ಮಿತು. ವಾಲ್ವ್ ಒಳಗೆ ನೀರಿಗೆ ಅಡ್ಡ ಬರುವ ಗೇಟು ಸುಣ್ಣ ಕಟ್ಟಿಕೊಂಡು ಅರ್ಧಕ್ಕೇ ನಿಂತಿತ್ತಂತೆ. ಬಟ್ಟೆ ತುರುಕಿ, ಇದ್ದಬದ್ದ ಬಕೆಟ್ಟು, ಕೊಡ, ಬೇಸಿನ್ ಎಲ್ಲ ತುಂಬಿಸಿ, ಸಿಂಟೆಕ್ಸ್ ಖಾಲಿ ಆಗುವವರೆಗೆ ಕಾದೆ. ಅಮ್ಮ ಬಾಗಿಲಲ್ಲಿ ನಿಂತು ನೋಡಿದರು. ಏನೂ ಅನ್ನಲಿಲ್ಲ. ಅದೇ ಜಾಸ್ತಿ ಆಯ್ತು.

ಬಿಚ್ಚುವವರಿಗೆ ಒಂದು ಮಾತು. ನಳದ ತಲೆ ತಿರುವುವಾಗ ಮೈಯನ್ನು ಇನ್ನೊಂದು ಸ್ಪ್ಯಾನರಿನಿಂದ ಗಟ್ಟಿಯಾಗಿ ಹಿಡಿದಿರಬೇಕು. ಇಲ್ಲದಿದ್ದರೆ ಗೋಡೆಯೊಳಗಿನ ಹಳೇ ಜಿ.ಐ. (ಸತು ಲೇಪಿಸಿದ ಕಬ್ಬಿಣದ) ಪೈಪೂ ಅದರ ಜೊತೆಗೇ ತಿರುಗುತ್ತದೆ. ಆಮೇಲೆ ಗೋಡೆ ಒಡೆಯುವ ಕೆಲಸ.

ಒಳಗೆ ನೀರು ತಡೆಯುವ ರಬ್ಬರ್ ವಾಷರ್ ಕಲ್ಲಿನ ಹಾಗೆ ಗಟ್ಟಿ. ಮಂಡಿಪೇಟೆ ಕಡೆ ಹೋಗಿ ಹೊಸದು ತಂದೆ. ಅಳತೆ ಬಾಯಲ್ಲಿ ಹೇಳಿದರೆ ಆಗುವುದಿಲ್ಲ, ಹಳೇದನ್ನೇ ಕೈಯಲ್ಲಿ ಹಿಡಿದು ಹೋಗಬೇಕು. ಈ ಅರ್ಧ ಇಂಚು ಅನ್ನೋದೇ ಒಂದು ಮೋಸ. ಅರ್ಧ ಇಂಚು ನಳದ ಹೊರಗಿನ ಥ್ರೆಡ್ ಅಳೆದರೆ ಸುಮಾರು 21 ಮಿ.ಮೀ., ಅಂದರೆ ಮುಕ್ಕಾಲು ಇಂಚಿಗಿಂತ ಜಾಸ್ತಿ ಬರುತ್ತದೆ. ಹೊಸ ವಾಷರ್ ಹಾಕಿದೆ. ನಿಂತಿತು.

ಮಂಗಳವಾರ

ಮತ್ತೆ ಟಪ್, ಟಪ್. ಇನ್ನೊಂದು ವಾಷರ್. ಇದು ಸ್ವಲ್ಪ ದಪ್ಪ.

ಗುರುವಾರ

ಮತ್ತೆ. ಈ ಸಲ ಅಂಗಡಿಯವರು, "ಅಣ್ಣಾ, ಹೊಸ ನಳಾನೇ ತಗೊಂಡ್ಬಿಡು" ಅಂದರು. ಅವರ ಮಾತೂ ಸರಿಯೇ. ಆದರೆ ಈಗ ಇದು ಹಟ.

ಮೂರನೇ ವಾಷರ್ ಹಾಕುವ ಮೊದಲು ಎರಡನೆಯದನ್ನು ಕಿಟಕಿ ಬೆಳಕಿಗೆ ಹಿಡಿದು ನೋಡಿದೆ. ರಬ್ಬರ್ ಮೇಲೆ ದುಂಡಗೆ ಉಂಗುರದ ಗುರುತು ಬಿದ್ದಿತ್ತು. ವಾಷರ್ ಹೋಗಿ ಕೂರುವ ಹಿತ್ತಾಳೆ ಸೀಟಿನ ಅಂಚು ಒತ್ತಿದ ಗುರುತು. ಒಂದೇ ಒಂದು ಕಡೆ, ಒಂದು ಎಳ್ಳಿನಷ್ಟು ಜಾಗದಲ್ಲಿ ಆ ಗೆರೆ ತುಂಡಾಗಿತ್ತು. ಅಲ್ಲಿ ಒತ್ತೇ ಬಿದ್ದಿಲ್ಲ.

ಮೊಬೈಲ್ ಟಾರ್ಚ್ ಹಾಕಿ ನಳದೊಳಗೆ ಕಿರುಬೆರಳು ತೂರಿಸಿ ಸೀಟನ್ನು ಮೆಲ್ಲಗೆ ಸವರಿದೆ. ಸುತ್ತ ನುಣ್ಣಗಿದೆ. ಗಡಿಯಾರದಲ್ಲಿ ನಾಲ್ಕು ಗಂಟೆ ಇರುವ ಜಾಗಕ್ಕೆ ಬಂದಾಗ ಉಗುರು ಸಿಕ್ಕಿಕೊಂಡಿತು. ಗೀರು! ಐದು ದಿನ ನಾನು ವಾಷರ್‌ನ ಬೈಯುತ್ತಿದ್ದೆ. ತಪ್ಪು ಅದರದ್ದಲ್ಲ.

ಇದು ಹೀಗಾಗುತ್ತದೆ. ವಾಷರ್ ಸವೆದ ಮೇಲೆ ನೀರು ನಿಲ್ಲಲಿ ಅಂತ ನಾವು ಇನ್ನೂ ಬಿಗಿ ತಿರುವುತ್ತೇವೆ. ಆಗ ರಬ್ಬರಿನ ಹಿಂದಿನ ಹಿತ್ತಾಳೆಯೇ ಸೀಟಿಗೆ ಉಜ್ಜುತ್ತದೆ. ಮಧ್ಯೆ ಬೋರ್ ನೀರಿನ ಸುಣ್ಣದ ಹರಳು ಸಿಕ್ಕಿದರೆ ಅದೂ ಕೊರೆಯುತ್ತದೆ. ಒಮ್ಮೆ ದಾರಿ ಸಿಕ್ಕಿತು ಅಂದರೆ ನೀರು ಅದೇ ದಾರಿಯನ್ನು ಹಗಲೂ ರಾತ್ರಿ ಅಗಲ ಮಾಡುತ್ತಾ ಹೋಗುತ್ತದೆ.

ಭಾನುವಾರ

ಸೀಟ್ ಉಜ್ಜಲಿಕ್ಕೆ ಅಂತಲೇ ಒಂದು ಕಟ್ಟರ್ ಬರುತ್ತದೆ. ನಾನು ಕೇಳಿದ ಎರಡು ಅಂಗಡಿಯಲ್ಲಿ ಇರಲಿಲ್ಲ. ಹಳೇ ಪೊರಕೆಯ ಕೋಲು ಕೊಯ್ದು, ನಳದ ಬಾಯಿಗೆ ಸರಿಯಾಗಿ ಹೋಗುವಷ್ಟು ಹೆರೆದೆ. ತುದಿಯನ್ನು ಚಪ್ಪಟೆ ಮಾಡಿ, ನುಣ್ಣನೆ ಎಮರಿ ಪೇಪರ್ ದುಂಡಗೆ ಕತ್ತರಿಸಿ ಅಂಟಿಸಿದೆ. ಕೋಲು ವಾಲದ ಹಾಗೆ ನೆಟ್ಟಗೆ ಹಿಡಿದು, ಮಜ್ಜಿಗೆ ಕಡೆಯೋ ಹಾಗೆ ಎರಡೂ ಅಂಗೈಯಲ್ಲಿ ತಿರುವಿದೆ. ಹತ್ತು ಸುತ್ತು, ನೀರಲ್ಲಿ ತೊಳೆ, ಬೆರಳು ಹಾಕಿ ನೋಡು. ಮತ್ತೆ ಹತ್ತು ಸುತ್ತು. ಮೂರು ಪೇಪರ್ ಮುಗಿದವು. ನಾಲ್ಕನೆಯದರಲ್ಲಿ ಉಗುರು ಸಿಕ್ಕಿಕೊಳ್ಳಲಿಲ್ಲ.

ಹಿಡಿಯ ಜೊತೆ ತಿರುಗುವ ಕಡ್ಡಿ, ಅಂದರೆ ಸ್ಪಿಂಡಲ್ ಮೇಲೂ ಬೆಳ್ಳಗೆ ಸುಣ್ಣ ಕಟ್ಟಿತ್ತು. ನಾನು ವಿನೆಗರ್ ಹುಡುಕುತ್ತಿದ್ದರೆ ಅಜ್ಜಿ, "ಹಿತ್ತಾಳೆ ಪಾತ್ರೆಗೆ ಏನ್ ಹಾಕ್ತೀವೋ ಅದನ್ನೇ ಹಾಕಪಾ" ಅಂತ ಹುಣಸೆಹಣ್ಣಿನ ನೀರು ತಂದಿಟ್ಟಳು. ಮೂರು ಗಂಟೆ ನೆನೆಸಿದೆ. ಹಳೇ ಹಲ್ಲುಜ್ಜೋ ಬ್ರಷ್‌ನಲ್ಲಿ ತಿಕ್ಕಿದರೆ ಹಬ್ಬಕ್ಕೆ ತೊಳೆದ ದೀಪದ ಹಾಗೆ ಹೊಳೆಯಿತು.

ಇನ್ನೊಂದು ತೊಂದರೆ ಉಳಿದಿತ್ತು. ನಳ ಬಿಟ್ಟಾಗ ಹಿಡಿಯ ಕೆಳಗಿಂದ ನೀರು ಜಿನುಗುತ್ತಿತ್ತು. ಅದಕ್ಕೂ ವಾಷರ್‌ಗೂ ಸಂಬಂಧ ಇಲ್ಲ. ಸ್ಪಿಂಡಲ್ ಸುತ್ತ ತುಂಬಿರುವ ಪ್ಯಾಕಿಂಗ್ ಒಣಗಿ ಪುಡಿಯಾಗಿತ್ತು. ಹತ್ತಿ ಮಿಲ್ಲುಗಳಿಂದ ಹೆಸರಾದ ಊರಲ್ಲಿ ನೂಲಿಗೇನು ಬರ! ಅಜ್ಜಿಯ ಡಬ್ಬಿಯಲ್ಲಿ ಉಂಡೆ ಸಿಕ್ಕಿತು. ನೂಲಿಗೆ ವ್ಯಾಸಲೀನ್ ಸವರಿ ಏಳೆಂಟು ಸುತ್ತು ಬಿಗಿಯಾಗಿ ಸುತ್ತಿ, ಮೇಲಿನ ನಟ್ ಕೂರಿಸಿದೆ. ಜಾಸ್ತಿ ಬಿಗಿದರೆ ಹಿಡಿ ತಿರುಗುವುದೇ ಕಷ್ಟ. ಕಾಲು ಸುತ್ತು ಸಡಿಲ ಬಿಟ್ಟೆ.

ಬುಧವಾರ

ಮೂರು ರಾತ್ರಿ ಬಕೆಟ್ ಇಟ್ಟು ನೋಡಿದೆ. ಮೊದಲ ರಾತ್ರಿ ತಳ ಒದ್ದೆ. ಆಮೇಲೆ ಎರಡು ರಾತ್ರಿ ಒಣಗಿದ ಬಕೆಟ್. ಈಗ ಎರಡು ಬೆರಳಲ್ಲಿ ತಿರುವಿದರೆ ಸಾಕು, ನೀರು ನಿಲ್ಲುತ್ತದೆ. ಎಲ್ಲರಿಗೂ ಬಚ್ಚಲಿಗೆ ಕರೆದುಕೊಂಡು ಹೋಗಿ ತೋರಿಸಿದೆ. ಅಮ್ಮನಿಗೆ ಎರಡು ಸಲ.

ಇವತ್ತು ಬೆಳಿಗ್ಗೆ ನೋಡಿದರೆ ಅಜ್ಜಿ ಮೊದಲಿನ ಹಾಗೇ ಎರಡೂ ಕೈ ಹಾಕಿ, ಹಲ್ಲು ಕಚ್ಚಿ ತಿರುವುತ್ತಿದ್ದಾಳೆ.

"ಅಜ್ಜಿ! ಅಷ್ಟು ಬಿಗಿ ಬೇಡ."

"ನೀನು ಮಾಡಿದ್ದು ಗಟ್ಟಿ ಐತೋ ಇಲ್ವೋ ನೋಡ್ತಿದ್ದೆ ಕಣೋ" ಅಂದಳು.

ಬರೋ ಭಾನುವಾರ ಮಾಳಿಗೆ ಮೇಲಿನ ಗೇಟ್ ವಾಲ್ವ್. ಅದನ್ನು ಬಿಚ್ಚೋದಿಲ್ಲ, ಕಿತ್ತು ಬಾಲ್ ವಾಲ್ವ್ ಹಾಕುತ್ತೇನೆ. ಕಾಲು ಸುತ್ತು ತಿರುವಿದರೆ ಪೂರ್ತಿ ಬಂದ್ ಆಗುತ್ತದೆ. ಶನಿವಾರವೇ ಕೊಡಗಳನ್ನೆಲ್ಲ ಖಾಲಿ ಮಾಡಿಡಲು ಅಮ್ಮನಿಗೆ ಹೇಳಬೇಕು. ಹೇಗೆ ಹೇಳೋದು ಅಂತ ಯೋಚಿಸುತ್ತಿದ್ದೇನೆ.