ಆರೋಗ್ಯ ಉಪಕೇಂದ್ರಕ್ಕೆ ಸೋಲಾರ್: ಪ್ಯಾನೆಲ್‌ಗಿಂತ ಮೊದಲು ಲೋಡು

ಮೊಳಕಾಲ್ಮುರು, ಚಳ್ಳಕೆರೆ ಕಡೆ ಬಿಸಿಲಿಗೇನೂ ಬರವಿಲ್ಲ. ಆದರೂ ಆರೋಗ್ಯ ಉಪಕೇಂದ್ರದ ಸೋಲಾರ್ ಬೇಗ ಮಲಗಿಬಿಟ್ಟರೆ ಚಾವಣಿ ಹತ್ತೋ ಮೊದಲು ಬ್ಯಾಟರಿ ನೋಡಿ.

ರೇಟು ಕೇಳೋ ಮುಂಚೆ ಲೋಡು, ಅಂದರೆ ಯಾವ ಸಾಧನ ಎಷ್ಟು ವ್ಯಾಟ್, ದಿನಕ್ಕೆ ಎಷ್ಟು ಗಂಟೆ ಅಂತ, ಬರೆದುಕೊಳ್ಳಬೇಕು. 9 ವ್ಯಾಟಿನ ಆರು ಎಲ್‌ಇಡಿ 8 ಗಂಟೆ, ಕಡಿಮೆ ಕರೆಂಟು ತಿನ್ನುವ 28 ವ್ಯಾಟಿನ ಮೂರು ಬಿಎಲ್‌ಡಿಸಿ ಫ್ಯಾನು 10 ಗಂಟೆ, ನೆಬ್ಯುಲೈಸರ್, ಸಕ್ಷನ್ ಮಷೀನು, ಮೊಬೈಲ್ ಚಾರ್ಜಿಂಗಿಗೆ ಇನ್ನೊಂದು 400 ವ್ಯಾಟ್-ಅವರ್ (ವ್ಯಾಟ್ ಗುಣಿಸು ಗಂಟೆ). ದಿನಕ್ಕೆ 1,700ರ ಹತ್ತಿರ ಬಂತು. ಪೂರ್ತಿ ಬಿಸಿಲು 5 ಗಂಟೆ ಅಂತ ಹಿಡಿದು, ಶೇ. 30 ನಷ್ಟಕ್ಕೆ ಬಿಟ್ಟರೆ 480 ವ್ಯಾಟಿನ ಪ್ಯಾನೆಲ್ ಬೇಕು. ಮೋಡಕ್ಕೂ ಧೂಳಿಗೂ ಸೇರಿಸಿ 335ರ ಎರಡು ಪ್ಯಾನೆಲ್ ಹಾಕಿ. 12 ವೋಲ್ಟ್, 150 ಎಎಚ್ (ಆಂಪಿಯರ್-ಅವರ್) ಟ್ಯೂಬ್ಯುಲರ್, ಅಂದರೆ ಆಸಿಡ್ ತುಂಬಿದ ಬ್ಯಾಟರಿ, ಎರಡು ಸೀರೀಸ್‌ನಲ್ಲಿ ಕೊಟ್ಟರೆ 3,600 ವ್ಯಾಟ್-ಅವರ್. ಅರ್ಧಕ್ಕಿಂತ ಕೆಳಗಿಳಿಸಬಾರದು, ಹಾಗಾಗಿ ಕೈಗೆ ಸಿಗೋದು 1,800 ಅಷ್ಟೇ.

ಇದೇ ಲೈನಿಗೆ ಹೆರಿಗೆ ಕೋಣೆಯಲ್ಲಿ ಹುಟ್ಟಿದ ಮಗುವನ್ನ ಬೆಚ್ಚಗಿಡುವ ರೇಡಿಯಂಟ್ ವಾರ್ಮರ್ ಸಿಕ್ಕಿಸಿದರೆ? 600 ವ್ಯಾಟ್ ಎಳೆಯುತ್ತೆ ಅಂದರೂ ಮೂರು ಗಂಟೆಗೆ ಬ್ಯಾಟರಿ ಖಾಲಿ. ವಾರ್ಮರ್ ಬೇಕೇ ಬೇಕಾದರೆ ಲೆಕ್ಕವನ್ನೇ ಹೊಸದಾಗಿ ಹಾಕಿ. ಸೋಲಾರ್ ಲೈನಿನಲ್ಲಿ ದೊಡ್ಡ ಸಾಕೆಟ್ ಇಡಲೇಬೇಡಿ. ಇಟ್ಟರೆ ಯಾರಾದರೂ ಕೆಟಲ್ ಹಾಕಿಯೇ ಹಾಕ್ತಾರೆ. ಲಸಿಕೆ ಫ್ರಿಡ್ಜನ್ನೂ ಇದಕ್ಕೆ ಸೇರಿಸಬೇಡಿ. 2ರಿಂದ 8 ಡಿಗ್ರಿ ತಪ್ಪಬಾರದ ವಸ್ತು ಅದು. ಅದಕ್ಕೆ ಬ್ಯಾಟರಿಯಿಲ್ಲದೆ ಹಗಲಲ್ಲೇ ಐಸ್ ಕಟ್ಟಿಕೊಂಡು ರಾತ್ರಿ ತಂಪು ಕಾಯುವ ಡೈರೆಕ್ಟ್ ಡ್ರೈವ್ ಫ್ರಿಡ್ಜ್ ಬೇರೆಯೇ ಬರುತ್ತೆ, ಅದರ ಪ್ಯಾನೆಲ್ ಬೇರೆ.

ಈಗ ಬ್ಯಾಟರಿ ನೀರಿನ ವಿಷಯ. ಪ್ರತಿ ಮುಚ್ಚಳದ ಮೇಲೂ ಕೆಂಪು ಫ್ಲೋಟ್ ಇರುತ್ತೆ. ತಿಂಗಳಿಗೊಮ್ಮೆ ನೋಡಿ, ಕೆಳಗಿಳಿದಿದ್ದರೆ ಪೂರ್ತಿ ಚಾರ್ಜ್ ಆದಮೇಲೆ ಡಿಸ್ಟಿಲ್ಡ್ ವಾಟರ್ ಹಾಕಿ. ಮೊದಲೇ ಹಾಕಿದರೆ ಚಾರ್ಜ್ ಆಗುವಾಗ ಆಸಿಡ್ ಉಬ್ಬಿ ಹೊರಗೆ ಚೆಲ್ಲಿ, ಟರ್ಮಿನಲ್ ಮೇಲೆ ಬಿಳಿ ಹುಡಿ ಕೂರುತ್ತೆ. ಡಿಸ್ಟಿಲ್ಡ್ ವಾಟರ್ ಸಿಗಲಿಲ್ಲ ಅಂತ ಬೋರ್ ನೀರು ಹಾಕೋದಂತೂ ಬೇಡ. ನಮ್ಮ ಕಡೆಯ ಬೋರ್ ನೀರಿನ ಗಡಸುತನ ಬಕೆಟ್ಟಿನ ಅಂಚು ನೋಡಿದರೇ ಗೊತ್ತಾಗುತ್ತೆ. ಆ ಲವಣವೆಲ್ಲ ಬ್ಯಾಟರಿಯೊಳಗಿನ ಪ್ಲೇಟಿಗೆ ಹೋಗಿ ಅದನ್ನ ಹಾಳುಮಾಡುತ್ತೆ. ಡಿಸ್ಟಿಲ್ಡ್ ವಾಟರಿಗೆ ಯಾರು ದುಡ್ಡು ಕೊಡ್ತಾರೆ ಅನ್ನೋದನ್ನ ಅಳವಡಿಸೋ ದಿನವೇ ತೀರ್ಮಾನ ಮಾಡಿ. ಸಿಸ್ಟರ್ ಕೈಯಿಂದ ಹಾಕಿಕೊಳ್ಳಲಿ ಅನ್ನೋದು ಯೋಜನೆಯಲ್ಲ.

ಪ್ಯಾನೆಲ್ ದಕ್ಷಿಣಕ್ಕೆ, 15 ಡಿಗ್ರಿ ಓರೆ. ಬೇವಿನ ಕೊಂಬೆ ನೆರಳು ಒಂದು ಮೂಲೆಗೆ ಬಿದ್ದರೂ ಕರೆಂಟು ತೀರಾ ಇಳಿಯುತ್ತೆ. ಶೇಂಗಾ ಒಕ್ಕಣೆ ಕಾಲದಲ್ಲಿ ಧೂಳು ಕೂರುತ್ತೆ, ಆಗ ವಾರಕ್ಕೊಮ್ಮೆ, ಬಿಸಿಲೇರುವ ಮುಂಚೆ ತೊಳೆಯಿರಿ. ಎರಡು ಪ್ಯಾನೆಲ್ ಪ್ಯಾರಲಲ್ (ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್) ಕೊಟ್ಟು 20 ಮೀಟರ್ ದೂರಕ್ಕೆ 2.5 ಚದರ ಮಿ.ಮೀ. ವೈರ್ ಎಳೆದರೆ 5 ವೋಲ್ಟ್ ದಾರಿಯಲ್ಲೇ ಹೋಗುತ್ತೆ. 6ರ ವೈರ್ ಹಾಕಿ, ದೂರವನ್ನೂ 10 ಮೀಟರಿಗೆ ಇಳಿಸಿ. ಕರೆಂಟು ಹೆಚ್ಚಾದರೆ ತಾನೇ ಆಫ್ ಆಗುವ ಸ್ವಿಚ್ಚು, ಅಂದರೆ ಎಂಸಿಬಿ, ಪ್ಯಾನೆಲ್ ಕಡೆ ಡಿಸಿಯದೇ ಆಗಬೇಕು; ಮನೆಗೆ ಹಾಕೋ ಎಸಿಯದರಲ್ಲಿ ಕಿಡಿ ಆರದೆ ಒಳಗೇ ಸುಟ್ಟುಹೋಗಬಹುದು.